ಪಂಕ್ತಿಯಲ್ಲಿ ಮರೆಯಲ್ಪಟ್ಟ ವಿಧವೆಯರು

ಪಾಠ: ಅಪೊಸ್ತಲರ ಕೃತ್ಯಗಳು 6: 1–6

ಯೆರೂಸಲೇಮಿನ ಮೊದಲನೆಯ ಸಭೆಯಲ್ಲಿ ಹುಟ್ಟಿದ ಗುಣುಗುಟ್ಟುವಿಕೆಯು ಯಾವದನ್ನು ಕುರಿತದ್ದೆಂದು ನೀವು ಬಲ್ಲಿರಿ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದಿನದ ಊಟವು ಸರಿಯಾಗಿ ಸಿಕ್ಕುತ್ತಿರಲಿಲ್ಲ. ಈ ಉಪೇಕ್ಷೆಯು ಅನ್ಯಜನರ ಮನೆಯಲ್ಲಲ್ಲ, ವಿಶ್ವಾಸಿಗಳ ನಡುವೆಯೇ, ಧರ್ಮಕ್ಕಾಗಿ ಹಾಕಿದ ಪಂಕ್ತಿಯಲ್ಲಿಯೇ ನಡೆಯಿತು. ಅಪೊಸ್ತಲರಾದರೋ ಸಭೆಯ ಹೆಸರು ಕೆಟ್ಟೀತೆಂದು ಅದನ್ನು ಮುಚ್ಚಿಡದೆ, ಎಲ್ಲರನ್ನೂ ಕರೆಸಿ, ಆ ಕೆಲಸವನ್ನು ನೋಡುವದಕ್ಕೆ ಏಳು ಮಂದಿಯನ್ನು ನೇಮಿಸಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರು ಹೇಳಿದವರ ಕಡೆಯವರಿಗೇ ಮೇಲ್ವಿಚಾರಣೆಯನ್ನು ಒಪ್ಪಿಸಿದಂತೆ ಕಾಣುತ್ತದೆ.

ಇದನ್ನು ನಾವು ಈಗ ಎತ್ತಿ ಹೇಳುವದಕ್ಕೆ ಕಾರಣವುಂಟು. ನಮ್ಮ ಹಳ್ಳಿಗಳ ಮಕ್ಕಳು ಕೆಲಸಕ್ಕಾಗಿ ಬೆಂಗಳೂರಿಗೂ ಗಲ್ಫ್ ದೇಶಗಳಿಗೂ ಹೋದ ಮೇಲೆ, ಮುಪ್ಪಿನ ತಂದೆತಾಯಿಗಳನ್ನು ಪಟ್ಟಣದ ವೃದ್ಧಾಶ್ರಮಗಳಲ್ಲಿ ಇರಿಸುವದುಂಟು. ಅದೇ ಪಾಪವೆಂದು ನಾವು ಹೇಳುವದಿಲ್ಲ. ಹಾಸಿಗೆ ಹಿಡಿದವರನ್ನು ಎತ್ತಿ ಇಳಿಸುವ ಬಲವು ಎಲ್ಲಾ ಮನೆಗಳಲ್ಲಿ ಇರುವದಿಲ್ಲ. ಆದರೆ ತಿಂಗಳ ಹಣ ಕಟ್ಟಿದ್ದರಿಂದ ತನ್ನ ಋಣ ತೀರಿತೆಂದು ಎಣಿಸುವವನು, ಕೊರ್ಬಾನ್ ಎಂದು ಹೇಳಿ ಹೆತ್ತವರಿಂದ ಜಾರಿಕೊಂಡವರನ್ನು ಕುರಿತು ಕರ್ತನು ಆಡಿದ ಮಾತನ್ನು (ಮಾರ್ಕ 7: 9–13) ಓದಲಿ.

ಸಭೆಯಾಗಿಯೂ ನಾವು ಇಂಥ ಆಶ್ರಮಗಳಿಗೆ ಹೋಗುವದುಂಟು. ಕ್ರಿಸ್ಮಸ್ಸಿನಲ್ಲಿ ಹೋಗಿ, ಕೀರ್ತನೆ ಹಾಡಿ, ಬಾಳೆಹಣ್ಣನ್ನೂ ಕಂಬಳಿಯನ್ನೂ ಹಂಚಿ, ಪಟ ತೆಗೆಸಿಕೊಂಡು ಬರುತ್ತೇವೆ. ಆ ದಿವಸ ಎಲ್ಲರಿಗೂ ಸ್ನಾನವಾಗಿರುತ್ತದೆ. ಮುಂದಾಗಿ ತಿಳಿಸದೆ, ಊಟದ ಹೊತ್ತಿಗೆ ಹೋಗಿ ನೋಡಿರಿ. ತಟ್ಟೆಯು ಕೈಗೆಟಕುವಲ್ಲಿ ಇದೆಯೋ, ಕೈ ನಡುಗುವವರಿಗೆ ಉಣಿಸುವವರುಂಟೋ, ಮುಟ್ಟದ ಅನ್ನವು ಹಾಗೆಯೇ ಹಿಂದಕ್ಕೆ ಹೋಗುವದೋ? ಒಣಗಿದ ನಾಲಿಗೆ, ಸಡಿಲಾದ ಬಳೆ, ಒದ್ದೆ ಬಟ್ಟೆಯ ವಾಸನೆ, ಇವು ಬಾಯಿಲ್ಲದ ಸಾಕ್ಷಿಗಳು. ಮಲಗಿಯೇ ಇರುವವರನ್ನು ಆಗಾಗ್ಗೆ ಮಗ್ಗುಲು ತಿರುಗಿಸದಿದ್ದರೆ ಸೊಂಟದ ಕೆಳಗೂ ಹಿಮ್ಮಡಿಯಲ್ಲಿಯೂ ಹುಣ್ಣಾಗುತ್ತದೆ. ಅದರ ಮೊದಲ ಗುರುತಾದ ಕೆಂಪು ನಮ್ಮವರ ಕಪ್ಪು ಚರ್ಮದಲ್ಲಿ ಕಣ್ಣಿಗೆ ಬೀಳದಿರಬಹುದು. ಕೈಯಿಟ್ಟು ನೋಡಿದರೆ ಆ ಜಾಗವು ಬಿಸಿಯಾಗಿಯೋ ಗಟ್ಟಿಯಾಗಿಯೋ ತೋರುವದು. ತೋಳಿನ ಮೇಲೆ ಬೆರಳೊತ್ತಿದಂಥ ಕಲೆ, ಮಣಿಕಟ್ಟಿನಲ್ಲಿ ಕಟ್ಟಿದ ಗುರುತು, ಹಗಲೆಲ್ಲಾ ಮಂಪರು, ಕನ್ನಡಕವೂ ಊರುಗೋಲೂ ಕಾಣದಿರುವದು, ಪಿಂಚಣಿಯ ಪಾಸ್‌ಬುಕ್ಕು ಬೇರೊಬ್ಬರ ಕೈಯಲ್ಲಿರುವದು, ಇವುಗಳನ್ನೂ ವಿಚಾರಿಸಬೇಕು. ಎಲ್ಲಕ್ಕಿಂತಲೂ, ಆಯಾ ಒಳಗೆ ಬಂದ ಕೂಡಲೇ ಅಜ್ಜಿಯ ಮಾತು ನಿಂತುಹೋದರೆ ಅದನ್ನು ಮರೆಯಬೇಡಿರಿ. ಆಕೆ ಒಬ್ಬಳೇ ಇರುವಾಗ ಹತ್ತಿರ ಕೂತು ಕೇಳಿರಿ. ಅವರಿಗೆ ಅರಳುಮರುಳು, ಮಾತು ನಂಬಬೇಡಿರಿ ಎಂಬ ಉತ್ತರವು ಎಷ್ಟೋ ಸಾರಿ ನಿಜ, ಎಷ್ಟೋ ಸಾರಿ ಬಾಯಿಗೆ ಹಾಕಿದ ಬೀಗ.

ಅವಸರದಿಂದ ದೋಷ ಹೊರಿಸಲೂ ಬಾರದು. ಮುದುಕರ ಚರ್ಮವು ತೆಳುವಾದದ್ದು. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುವವರಿಗೆ ಸ್ವಲ್ಪ ತಾಗಿದರೂ ಕಲೆ ಬೀಳುವದು. ರಾತ್ರಿಯೆಲ್ಲಾ ಒಬ್ಬಳೇ ಆಯಾ ಇಡೀ ಕೋಣೆಯನ್ನು ನೋಡಬೇಕಾದಲ್ಲಿ ತಪ್ಪು ಆಕೆಗಿಂತಲೂ ಆಕೆಯನ್ನು ನೇಮಿಸಿದವರದೇ. ಆದಕಾರಣ ಕಂಡದ್ದನ್ನು ತಾರೀಖು ಸಹಿತ ಬರೆದಿಟ್ಟು, ಸಭೆಯ ಇಬ್ಬರು ಮೂವರು ಕೂಡಿ ವ್ಯವಸ್ಥಾಪಕರನ್ನು ಕೇಳಿ, ವೈದ್ಯರಿಗೆ ತೋರಿಸಿರಿ. ಮಿಶನಿನ ಆಶ್ರಮವಾದರೂ ಹಾಗೆಯೇ ಮಾಡಿರಿ. ಉತ್ತರ ಸಿಕ್ಕದಿದ್ದರೆ ಹಿರಿಯರ ಸಹಾಯವಾಣಿಯಾದ 14567ಕ್ಕೆ ಫೋನು ಮಾಡಬಹುದು. ಪ್ರಾಣಕ್ಕೆ ಅಪಾಯವಿದ್ದರೆ 112ಕ್ಕೆ. 60 ವರುಷ ತುಂಬಿದ ಹಿರಿಯರನ್ನು ಅವರ ಪಾಲನೆ ವಹಿಸಿಕೊಂಡವರು ಪೂರಾ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ, 2007ನೆಯ ಇಸವಿಯ ಕಾಯಿದೆಯಂತೆ 3 ತಿಂಗಳ ವರೆಗೆ ಸೆರೆಯನ್ನಾಗಲಿ 5,000 ರೂಪಾಯಿ ವರೆಗೆ ದಂಡವನ್ನಾಗಲಿ ಎರಡನ್ನೂ ಆಗಲಿ ವಿಧಿಸಬಹುದು.

ದೂರು ಕೊಟ್ಟ ರಾತ್ರಿಯೂ ಆ ತಾಯಿಯು ಅದೇ ಕೈಗಳ ವಶದಲ್ಲಿ ಮಲಗುವಳು. ಮರುದಿನ ಬೆಳಿಗ್ಗೆ ಸಭೆಯಿಂದ ಒಬ್ಬರು ಅಲ್ಲಿಗೆ ಹೋಗಬೇಕು. ಮೂರನೆಯ ದಿವಸವೂ ಹೋಗಬೇಕು.