ವ್ರತ ಕೆಡಿಸದ ಊಟ

ದೊಡ್ಡ ಕರುಳಿನ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರು ಏಕಾದಶಿಯಂದು ಉಪವಾಸ ಮಾಡಬಹುದೇ? ವೈದ್ಯರು ಒಂದೇ ಮಾತಿನಲ್ಲಿ ಬೇಡ ಎನ್ನುತ್ತಾರೆ. ರೋಗಿ ತಲೆಯಾಡಿಸುತ್ತಾರೆ, ಮನೆಗೆ ಬಂದು ಉಪವಾಸ ಮಾಡುತ್ತಾರೆ. ವೈದ್ಯರು ಹೇಳಿದ್ದು ದೇಹದ ಮಾತು, ರೋಗಿಯನ್ನು ಕಾಡುತ್ತಿರುವುದು ಧರ್ಮದ ಪ್ರಶ್ನೆ. ಅದಕ್ಕೆ ಉತ್ತರವೂ ಧರ್ಮದ ಒಳಗಿನಿಂದಲೇ ಬರಬೇಕು. ಹಾಗೆ ಹುಡುಕಿದರೆ ಸಿಗುವುದು ಬರೀ ರಿಯಾಯಿತಿಯಲ್ಲ. ಚಿಕಿತ್ಸೆಯ ಕಾಲದಲ್ಲಿ ಹೊಟ್ಟೆಗೆ ಸರಿಯಾಗಿ ತಿನ್ನುವುದೇ ಕರ್ತವ್ಯ ಎಂಬ ನಿಲುವು ನಮ್ಮ ಪರಂಪರೆಗಳಲ್ಲಿ ಸಾಕಷ್ಟು ಸ್ಪಷ್ಟವಾಗಿಯೇ ಇದೆ. ಆ ನಿಲುವಿಗೆ ಅದರದೇ ಆದ ಕಟ್ಟುಪಾಡೂ ಇದೆ.

ಮೊದಲು ದೇಹದ ಲೆಕ್ಕ. ಕ್ಯಾನ್ಸರ್ ರೋಗಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ ಪೋಷಣತಜ್ಞರು. 60 ಕಿಲೋ ತೂಕದವರಿಗೆ ಅದು 72ರಿಂದ 90 ಗ್ರಾಂ. ಒಂದು ಬಟ್ಟಲು ಬೆಂದ ತೊವ್ವೆಯಲ್ಲಿ ಏಳು ಗ್ರಾಂ ಇದ್ದರೆ ಹೆಚ್ಚು, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಪ್ರೋಟೀನ್ ಸಾಲದೆ ಹೋದರೆ ಸ್ನಾಯು ಕರಗುತ್ತದೆ. ಸ್ನಾಯು ಕರಗಿದವರಿಗೆ ಕೀಮೋದ ಪೆಟ್ಟು ಜೋರಾಗಿ ತಗಲುತ್ತದೆ, ಔಷಧದ ಪ್ರಮಾಣ ಇಳಿಸಬೇಕಾಗುತ್ತದೆ ಇಲ್ಲವೇ ಮುಂದಿನ ಸರದಿ ಮುಂದಕ್ಕೆ ಹೋಗುತ್ತದೆ. ಇದರ ಪಕ್ಕದಲ್ಲಿ ಮಾಧ್ವ ಮನೆಗಳ ಚಾತುರ್ಮಾಸ್ಯವನ್ನು ಇಟ್ಟು ನೋಡಿ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಸಸ್ಯಾಹಾರಿಗೆ ಪ್ರೋಟೀನ್ ಸಿಗುವ ದಾರಿಗಳು ಒಂದೊಂದಾಗಿ ಮುಚ್ಚುತ್ತಾ ಹೋಗುತ್ತವೆ. (ಮೊದಲ ತಿಂಗಳ ಶಾಕವ್ರತದಿಂದ ಅಷ್ಟೇನೂ ತೊಂದರೆಯಿಲ್ಲ. ಕೀಮೋದಿಂದ ಭೇದಿ ಹಿಡಿದ ಕರುಳಿಗೆ ಸೊಪ್ಪುನಾರು ಹೇಗೂ ಬೇಡ. ಮೆತ್ತಗೆ ಬೆಂದ ಬಿಳಿ ಅನ್ನ, ಹೆಸರುಬೇಳೆ ಕಟ್ಟು, ಬಾಳೆಹಣ್ಣು, ಸಬ್ಬಕ್ಕಿ ಗಂಜಿಯೇ ಹಿತ. ಉಳಿದ ದಿನಗಳಲ್ಲಿ ಒಳ್ಳೆಯದೆನಿಸುವ ರಾಗಿ, ಇಡಿಕಾಳು ಕೂಡ ಆಗ ಸ್ವಲ್ಪ ದೂರವಿರಬೇಕು.) ಇನ್ನು ಏಕಾದಶಿ. ದಶಮಿಯ ಮಧ್ಯಾಹ್ನದ ಒಪ್ಪೊತ್ತಿನಿಂದ ದ್ವಾದಶಿಯ ಪಾರಣೆಯವರೆಗೆ 40 ಗಂಟೆ ಮೀರುತ್ತದೆ. ನೀರನ್ನೂ ಬಿಟ್ಟರೆ, ಮೊದಲೇ ಭೇದಿಯಿಂದ ಒಣಗಿದ ದೇಹ ಆಸ್ಪತ್ರೆಯ ದಾರಿ ಹಿಡಿಯುತ್ತದೆ.

ಈಗ ಶಾಸ್ತ್ರ. ವ್ರತವನ್ನು ಕೆಡಿಸದ ಎಂಟನ್ನು ಮಹಾಭಾರತದ ಉದ್ಯೋಗಪರ್ವ ಎಣಿಸುತ್ತದೆ. ನೀರು, ಗೆಡ್ಡೆ, ಹಣ್ಣು, ಹಾಲು ಆ ಪಟ್ಟಿಯಲ್ಲಿವೆ, ಗುರುವಿನ ಮಾತೂ ಇದೆ, ಕೊನೆಯಲ್ಲಿ ಔಷಧವೂ ಇದೆ. ‘ಮಾತ್ರೆ ನುಂಗಲು ಅಡ್ಡಿಯಿಲ್ಲ, ಊಟ ಮಾತ್ರ ಬೇಡ’ ಎಂದು ಇದನ್ನು ಓದುವವರಿದ್ದಾರೆ. ಆದರೆ ಕರುಳಿನ ಕ್ಯಾನ್ಸರಿಗೆ ಹೆಚ್ಚಾಗಿ ಕೊಡುವ ಕ್ಯಾಪೆಸಿಟಬೀನ್ ಮಾತ್ರೆಯನ್ನು ಊಟವಾದ ಅರ್ಧ ಗಂಟೆಯೊಳಗೇ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ 14 ದಿನ ಬೆಳಿಗ್ಗೆ ಸಂಜೆ ಮಾತ್ರೆ, ಆಮೇಲೆ ಏಳು ದಿನ ಬಿಡುವು. ಹದಿನೈದು ದಿನಕ್ಕೊಮ್ಮೆ ಬರುವ ಏಕಾದಶಿ ಹೆಚ್ಚಿನ ಸಲ ಮಾತ್ರೆಯ ದಿನವೇ ಬೀಳುತ್ತದೆ. ಊಟವಿಲ್ಲದೆ ಆ ಔಷಧವನ್ನು ತೆಗೆದುಕೊಳ್ಳುವಂತಿಲ್ಲವಾದರೆ ಆ ಊಟವೂ ಔಷಧದ ಭಾಗವೇ ಆಯಿತು. ಔಷಧ ವ್ರತವನ್ನು ಕೆಡಿಸದಿದ್ದರೆ ಅದೂ ಕೆಡಿಸದು.

ಇದಕ್ಕೆ ಬರುವ ದೊಡ್ಡ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಷ್ಟ ಬಂದೊಡನೆ ಬಿಟ್ಟುಬಿಡುವುದಾದರೆ ಅದೆಂಥ ನಿಷ್ಠೆ? ಒಮ್ಮೆ ಬಾಗಿಲು ತೆರೆದರೆ ಇವತ್ತು ಏಕಾದಶಿ, ನಾಳೆ ಮೊಟ್ಟೆ, ನಾಡಿದ್ದು ಮಾಂಸ ಎಂದು ಎಲ್ಲವೂ ಒಳಗೆ ಬರುವುದಿಲ್ಲವೇ? ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕತೆಯನ್ನು ನಾವು ಇಲ್ಲಿ ನೆನೆಯಬೇಕು. ಕುರುದೇಶದ ಬೆಳೆ ಹಾಳಾಗಿ ಹಸಿದಿದ್ದ ಉಷಸ್ತಿ, ಮಾವುತನೊಬ್ಬ ತಿನ್ನುತ್ತಿದ್ದ ಎಂಜಲು ಕಾಳನ್ನೇ ಬೇಡಿ ತಿಂದ. ಮಾವುತ ನೀರನ್ನೂ ಕೊಡಲು ಬಂದಾಗ ಅದು ಎಂಜಲು ಎಂದು ಬೇಡವೆಂದ. ಕಾಳು ಎಂಜಲಲ್ಲವೇ ಎಂದರೆ, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ಬೇರೆಡೆಯೂ ಸಿಗುತ್ತದೆ ಎಂಬುದು ಅವನ ಉತ್ತರ. ಪ್ರಾಣಸಂಕಟದಲ್ಲಿ ಎಲ್ಲ ಅನ್ನಕ್ಕೂ ಅನುಮತಿಯುಂಟು ಎನ್ನುವ ಬ್ರಹ್ಮಸೂತ್ರವನ್ನು ವ್ಯಾಖ್ಯಾನಿಸುವಾಗ ಶಂಕರರು ಈ ಕತೆಯನ್ನೇ ಆಧಾರವಾಗಿ ಹಿಡಿಯುತ್ತಾರೆ. ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ಮಾತ್ರ ಬಾಗಿಲು ತೆರೆಯಬೇಕು, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ. ಮೊಟ್ಟೆಯ ಪ್ರಶ್ನೆಯೂ ಇಲ್ಲೇ ಬಗೆಹರಿಯುತ್ತದೆ. ಹಾಲು, ಮೊಸರು, ಪನೀರ್, ಬೇಳೆ, ಕಡಲೆಕಾಯಿ, ಸೋಯಾ ಇವುಗಳಲ್ಲೇ ಲೆಕ್ಕ ತುಂಬುವುದಾದರೆ ಸಸ್ಯಾಹಾರಿಯ ಬಾಯಿಗೆ ಮೊಟ್ಟೆ ತುರುಕುವ ಹಕ್ಕು ಯಾವ ನೆಂಟನಿಗೂ ಇಲ್ಲ. ಬಾಯಿಹುಣ್ಣು, ವಾಂತಿ ಸೇರಿ ಏನೂ ಇಳಿಯದೆ, ಮೆತ್ತಗೆ ಬೆಂದ ಮೊಟ್ಟೆಯೊಂದೇ ಇಳಿಯುವ ಸ್ಥಿತಿ ಬಂದರೆ ಆಗ ಅದು ಉಷಸ್ತಿಯ ಕಾಳು.

‘ಕರ್ಮಫಲ, ಅನುಭವಿಸಲೇಬೇಕು’ ಎನ್ನುವವರಿಗೆ ಚರಕ ಸಂಹಿತೆಯೇ ಉತ್ತರ ಕೊಟ್ಟಿದೆ. ಆಯುಸ್ಸು ದೈವ ಮತ್ತು ಪುರುಷಪ್ರಯತ್ನ ಎರಡನ್ನೂ ಅವಲಂಬಿಸಿದೆ, ಎಲ್ಲವೂ ಮೊದಲೇ ನಿಗದಿಯಾಗಿದ್ದರೆ ಔಷಧಕ್ಕೆ ಅರ್ಥವೇ ಇರುತ್ತಿರಲಿಲ್ಲ ಎಂಬುದು ಅಲ್ಲಿನ ವಾದ. ಈಚೆಗೆ ಹೊಸದೊಂದು ತಪಸ್ಸೂ ಹುಟ್ಟಿದೆ. ಸಕ್ಕರೆ ಬಿಟ್ಟು, ಅನ್ನ ಬಿಟ್ಟು ಗಡ್ಡೆಯನ್ನು ಹಸಿವಿನಿಂದ ಕೊಲ್ಲುತ್ತೇವೆ ಎಂಬ ನಂಬಿಕೆ. ಅದಕ್ಕೆ ಶಾಸ್ತ್ರದ ಬೆಂಬಲವೂ ಇಲ್ಲ, ವಿಜ್ಞಾನದ್ದೂ ಇಲ್ಲ. ಗಡ್ಡೆಗಿಂತ ಮೊದಲು ಹಸಿವಿಗೆ ಸಿಕ್ಕಿ ಕುಗ್ಗುವವರು ರೋಗಿಯೇ.

ವ್ರತ ಕೊಡುವ ಮನಸ್ಸಿನ ನೆಮ್ಮದಿಯನ್ನು ಕಿತ್ತುಕೊಂಡು ಏನು ಕೊಡುತ್ತೀರಿ ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಕಿತ್ತುಕೊಳ್ಳಬೇಕಾಗಿಲ್ಲ, ವ್ರತದ ರೂಪ ಬದಲಾದರೆ ಸಾಕು. ಅಶಕ್ತರ ಪರವಾಗಿ ಗಂಡ, ಹೆಂಡತಿ ಅಥವಾ ಮಕ್ಕಳು ವ್ರತ ನಡೆಸುವುದನ್ನು ಧರ್ಮಶಾಸ್ತ್ರ ಒಪ್ಪುತ್ತದೆ. ರೋಗಿ ಜಪ ಮಾಡಬಹುದು, ಊಟ ಅವರ ಹೆಸರಿನಲ್ಲಿ ಹಸಿದವರಿಗೆ ಹೋಗಬಹುದು. ಇಂಥ ದಾರಿ ಬೇರೆ ಪರಂಪರೆಗಳಲ್ಲೂ ಇದೆ. ಕುರಾನ್ ಎರಡನೆಯ ಅಧ್ಯಾಯದಲ್ಲಿ ಕಾಯಿಲೆಯವರಿಗೆ ರೋಜಾವನ್ನು ಬೇರೆ ದಿನಗಳಿಗೆ ಮುಂದೂಡಲು ಹೇಳಿದೆ. ಮತ್ತೆ ಹಿಡಿಯಲಾರದವರಿಗೆ ಬಡವರಿಗೆ ಉಣಿಸುವ ದಾರಿಯಿದೆ.

ಜೈನ ಪರಂಪರೆಯಲ್ಲಿ ಸಮಂತಭದ್ರ ಆಚಾರ್ಯರದೊಂದು ಕತೆಯಿದೆ. ಎಷ್ಟು ತಿಂದರೂ ತೀರದ ಭಸ್ಮಕ ರೋಗ ಬಂದು, ಮುನಿಧರ್ಮ ಪಾಲಿಸಲಾಗದೆ ಅವರು ಸಲ್ಲೇಖನಕ್ಕೆ, ಅಂದರೆ ಅನ್ನ ಬಿಟ್ಟು ದೇಹ ತೊರೆಯುವ ವ್ರತಕ್ಕೆ, ಅನುಮತಿ ಕೇಳಿದರು. ಗುರು ಕೊಡಲಿಲ್ಲ. ದೀಕ್ಷೆಯನ್ನು ಬದಿಗಿಟ್ಟು ಹೊಟ್ಟೆ ತುಂಬ ತಿಂದು ಗುಣವಾಗು, ಆಮೇಲೆ ಮತ್ತೆ ದೀಕ್ಷೆ ತಗೋ ಎಂದರು. ರೋಗ ಬಂದಾಗ, ಅದಕ್ಕೆ ಪರಿಹಾರವಿಲ್ಲದಿದ್ದರೆ ಮಾತ್ರ ಸಲ್ಲೇಖನಕ್ಕೆ ಎಡೆಯುಂಟು ಎಂದು ರತ್ನಕರಂಡ ಶ್ರಾವಕಾಚಾರದಲ್ಲಿ ಬರೆದವರೂ ಅದೇ ಸಮಂತಭದ್ರರು. ಈ ಮಾತಿಗೆ ಎರಡು ಮುಖ. ಪರಿಹಾರ ಇರುವಾಗ ಅನ್ನ ಬಿಡುವುದು ಧರ್ಮವಲ್ಲ. ರೋಗ ಎಲ್ಲೆಡೆ ಹರಡಿ, ಚಿಕಿತ್ಸೆ ನಿಂತು, ದೇಹವೇ ಅನ್ನ ಬೇಡವೆನ್ನುವ ಹಂತ ಬಂದಾಗ 90 ಗ್ರಾಮಿನ ಲೆಕ್ಕ ಹಿಡಿದು ಇನ್ನೊಂದು ತುತ್ತು ಎಂದು ಪೀಡಿಸುವುದೂ ಧರ್ಮವಲ್ಲ. ಆಗ ನಾಲಿಗೆ ಬಯಸಿದ ಎರಡು ಚಮಚ ಪಾಯಸ, ಒಣಗಿದ ತುಟಿಗೆ ಒದ್ದೆ ಬಟ್ಟೆ ಸಾಕು. ಎಷ್ಟು ತಿಂದರು ಎಂದು ಮನೆಯವರು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.