ಹೊಗೆ ಯಾರ ಪಾಲು?

ತರ್ಕಶಾಸ್ತ್ರವನ್ನು ಓದತೊಡಗಿದವನಿಗೆ ಮೊದಲು ಎದುರಾಗುವುದು ಒಂದು ಬೆಟ್ಟ. ಆ ಬೆಟ್ಟದ ಮೇಲೊಂದು ಹೊಗೆ. ಹೊಗೆ ಕಾಣುತ್ತಿರುವುದರಿಂದ ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಸರಿಯಾದ ಅನುಮಾನ. ಆದರೆ ಅದನ್ನೇ ತಿರುಗಿಸಿ, ಬೆಂಕಿಯಿರುವುದರಿಂದ ಹೊಗೆಯೂ ಇರಲೇಬೇಕೆಂದರೆ ಗುರುಗಳು ತಡೆಯುತ್ತಾರೆ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಬೆಂಕಿಗೆ ಹಸಿಸೌದೆಯ ಸಂಬಂಧ ಒದಗಬೇಕು. ಈ ಆರ್ದ್ರೇಂಧನಸಂಯೋಗವನ್ನೇ ಅನ್ನಂಭಟ್ಟನ ‘ತರ್ಕಸಂಗ್ರಹ’ವು ಉಪಾಧಿಗೆ ನಿದರ್ಶನವಾಗಿ ಕೊಡುತ್ತದೆ. ಬಾಯಿಪಾಠ ಮಾಡಿ ಮರೆತುಬಿಡುವ ಈ ಮಾತು ಚಳಿನಾಡಿನ ಮನೆಗಳಲ್ಲಿ ಇಂದು ಒಂದು ಧರ್ಮಪ್ರಶ್ನೆಯಾಗಿ ನಿಂತಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಉದಕಮಂಡಲದ ಹಳೆಯ ಬಂಗಲೆಗಳನ್ನು ಹೊಕ್ಕು ನೋಡಿದವರು ನಡುಮನೆಯ ಗೋಡೆಯಲ್ಲಿ ಅಗ್ಗಿಷ್ಟಿಕೆಯನ್ನು ಕಂಡಿರಬಹುದು. ಪುಷ್ಯಮಾಸದ ಬೆಳಗಿನಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವ ಆ ಊರಿನಲ್ಲಿ, 1820ರ ದಶಕದಿಂದ ನೆಲೆಯೂರಿದ ಇಂಗ್ಲಿಷರು ತಮ್ಮ ನಾಡಿನ ಮನೆಯನ್ನೇ ಹೊತ್ತುತಂದಂತೆ ಕಟ್ಟಿಕೊಂಡರು. ಆ ತೆರೆದ ಅಗ್ಗಿಷ್ಟಿಕೆಯು ನೋಡಲು ಎಷ್ಟು ರಮಣೀಯವೋ ಕೆಲಸದಲ್ಲಿ ಅಷ್ಟೇ ದುಂದುಗಾರ. ಉರಿಯ ಎದುರಿಗೆ ಕುಳಿತವನ ಮೊಣಕಾಲು ಸುಡುತ್ತದೆ, ಬೆನ್ನು ನಡುಗುತ್ತದೆ. ಸೌದೆಯಲ್ಲಿರುವ ಶಾಖದಲ್ಲಿ ಹತ್ತರಲ್ಲೊಂದು ಪಾಲು ಕೋಣೆಗೆ ದಕ್ಕಿದರೆ ಹೆಚ್ಚು. ಉಳಿದುದು ಹೊಗೆಗೊಳವೆಯ ದಾರಿ ಹಿಡಿಯುತ್ತದೆ. ಅಷ್ಟೇ ಅಲ್ಲ, ಮೇಲೇರುವ ಬಿಸಿಗಾಳಿಯು ಕೋಣೆಯ ಗಾಳಿಯನ್ನೂ ಎಳೆದೊಯ್ಯುವುದರಿಂದ ಬಾಗಿಲಸಂದಿಗಳಿಂದ ಹೊರಗಣ ಚಳಿ ಒಳನುಗ್ಗಿ ಹಿಂದಿನ ಕೋಣೆಗಳು ಮೊದಲಿಗಿಂತಲೂ ತಣ್ಣಗಾಗುತ್ತವೆ. ಈ ಹಸಿವನ್ನು ತಣಿಸಲು ಸುತ್ತಣ ಸೋಲೆಕಾಡುಗಳನ್ನು ಕಡಿದರು. ಅವು ತೆಳುವಾಗತೊಡಗಿದಾಗ, ಸೌದೆಗೆಂದೇ ಆಸ್ಟ್ರೇಲಿಯದ ಮರಗಳನ್ನು ತರಿಸಿ ನೆಟ್ಟರು. 1843ರಲ್ಲಿ ಬಂದ ನೀಲಗಿರಿಮರಕ್ಕೆ ಆ ಬೆಟ್ಟದ ಹೆಸರೇ ಅಂಟಿ, ಅದು ಅಲ್ಲಿಯದೇ ಮರವೆಂದು ಮಕ್ಕಳು ಇಂದು ನಂಬಿದ್ದಾರೆ. ಒಂದು ಕೋಣೆಯ ಬಿಸುಪಿಗಾಗಿ ಒಂದು ಬೆಟ್ಟದ ಬಣ್ಣ ಬದಲಾಯಿತೆಂದರೆ ಅದು ಬರಿಯ ಅಲಂಕಾರದ ಮಾತಲ್ಲ.

ಅಗ್ಗಿಷ್ಟಿಕೆಯ ಈ ದುಂದನ್ನು ಕಂಡು ಬೇಸತ್ತವರು ಅದರ ತವರಿನಲ್ಲಿಯೂ ಇದ್ದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕಬ್ಬಿಣದ ಹಲಗೆಗಳ ಒಲೆಯೊಂದನ್ನು ರೂಪಿಸಿ 1744ರಲ್ಲಿ ಅದರ ವಿವರಣೆಯ ಪುಸ್ತಿಕೆಯನ್ನು ಅಚ್ಚುಹಾಕಿಸಿದನು. ಪೆನ್ಸಿಲ್ವೇನಿಯದ ಗವರ್ನರನು ಏಕಸ್ವಾಮ್ಯದ ಹಕ್ಕುಪತ್ರವನ್ನು ಕೊಡಲು ಮುಂದೆ ಬಂದಾಗ, ಇತರರು ಕಂಡುಹಿಡಿದುದರಿಂದ ನಾವು ಸುಖಪಡುತ್ತಿರುವಾಗ ನಮ್ಮದನ್ನೂ ಧಾರಾಳವಾಗಿ ಕೊಡಬೇಕೆಂಬ ಕಾರಣದಿಂದ ಅವನು ಬೇಡವೆಂದನು. ಲಂಡನ್ನಿನ ಕಬ್ಬಿಣದ ವ್ಯಾಪಾರಿಯೊಬ್ಬನು ಸ್ವಲ್ಪ ತಿದ್ದಿ, ಅದಕ್ಕೆ ಹಕ್ಕುಪತ್ರ ಪಡೆದು, ಹಣ ಮಾಡಿಕೊಂಡನಂತೆ, ಲೋಕದ ರೀತಿ! ಬಿಸುಪನ್ನು ಎಲ್ಲರಿಗೂ ಹಂಚಬೇಕೆಂದ ಫ್ರಾಂಕ್ಲಿನನ ಔದಾರ್ಯವನ್ನು ಮೆಚ್ಚದವರಿಲ್ಲ. ಹೊಗೆಯೂ ಅದರ ಜೊತೆಯಲ್ಲಿಯೇ ಎಲ್ಲರಿಗೂ ಹಂಚಿಕೆಯಾಯಿತು. ಅದನ್ನು ಮಾತ್ರ ಯಾರೂ ಕೇಳಿ ಕೊಡಲಿಲ್ಲ.

ಆ ವಂಶದ ಈಚಿನ ಕುಡಿಯೇ ಹಳೆಯ ಅಗ್ಗಿಷ್ಟಿಕೆಯ ಬಾಯೊಳಗೆ ಕೂಡಿಸುವ ಕಬ್ಬಿಣದ ಒಳಪೆಟ್ಟಿಗೆ. ಅಲ್ಲಿಯವರು ಇದನ್ನು ಇನ್ಸರ್ಟ್ ಎನ್ನುತ್ತಾರೆ. ಶಾಖಕ್ಕೆ ಒಡೆಯದ ಗಾಜಿನ ಬಾಗಿಲು, ಒಳಮೈಗೆ ಬೆಂಕಿಯಿಟ್ಟಿಗೆ, ಹಳೆಯ ಹೊಗೆಗೊಳವೆಯೊಳಗೆ ತುದಿಯವರೆಗೆ ಇಳಿಬಿಟ್ಟ ಉಕ್ಕಿನ ಕೊಳವೆ, ಗಾಳಿಯನ್ನು ಹೆಚ್ಚುಕಡಿಮೆ ಮಾಡಲು ಒಂದು ಹಿಡಿ: ಇಷ್ಟೇ ಅದರ ಸ್ಥೂಲರೂಪ. ಪೆಟ್ಟಿಗೆಗೂ ಅದರ ಹೊರಕವಚಕ್ಕೂ ನಡುವೆ ಕೋಣೆಯ ಗಾಳಿ ಸುಳಿದು ಕಾದು ಮರಳಿ ಬರುತ್ತದೆ. ಸೌದೆಯಿಂದೆದ್ದ ಅನಿಲಗಳು ಹೊರಗೋಡುವ ಮೊದಲೇ, ಮೇಲುಭಾಗದ ಸಣ್ಣ ರಂಧ್ರಗಳಿಂದ ಬರುವ ಬಿಸಿಗಾಳಿಯಲ್ಲಿ ಇನ್ನೊಮ್ಮೆ ಉರಿಯುತ್ತವೆ. ನಾವು ಹೊಗೆಯೆನ್ನುವುದು ಬಹುಮಟ್ಟಿಗೆ ಉರಿಯದೆ ತಪ್ಪಿಸಿಕೊಂಡ ಸೌದೆಯೇ ಆದುದರಿಂದ, ಹೊಗೆಯನ್ನು ಸುಟ್ಟರೆ ಬಿಸುಪೂ ಹೆಚ್ಚುತ್ತದೆ. ಹೀಗೆ ಹತ್ತರಲ್ಲಿ ಒಂದು ಪಾಲು ದಕ್ಕುತ್ತಿದ್ದಲ್ಲಿ ಆರೇಳು ಪಾಲು ದಕ್ಕುತ್ತದೆ. ಕಡಿಮೆ ಮರ, ಹೆಚ್ಚು ಬಿಸುಪು, ತೆಳುವಾದ ಹೊಗೆ. ಇಲ್ಲಿಗೆ ಪ್ರಶ್ನೆ ಮುಗಿಯಿತೆಂದು ಮಾರುವವರು ಹೇಳುತ್ತಾರೆ. ನನಗೆ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ.

ನಮ್ಮ ಅಡುಗೆಮನೆಯ ಹಳೆಯ ಒಲೆಯನ್ನು ನೆನೆದುಕೊಳ್ಳೋಣ. ಅದಕ್ಕೆ ಹೊಗೆಗೊಳವೆಯಿರಲಿಲ್ಲ. ಊದುಗೊಳವೆ ಹಿಡಿದು ಕುಳಿತ ತಾಯಿಯ ಕಣ್ಣಿಗೆ ಆ ಹೊಗೆ ತಾಗಿತು. ಮಾಡಿನಲ್ಲಿ ಇಲ್ಲಣವಾಗಿ ಜೋತಿತು. ಎಷ್ಟೋ ಹೆಂಗಸರ ಎದೆಯನ್ನು ಸವೆಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ’ ಒಲೆಯು ಸೌದೆಯನ್ನು ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಮನೆಯಿಂದಾಚೆಗೆ ಕಳುಹಿಸಿದಾಗ ಅದು ದೊಡ್ಡ ಉಪಕಾರವೇ ಆಯಿತು. ಅದರಲ್ಲಿ ಎರಡು ಮಾತಿಲ್ಲ. ಆದರೂ ಹೊಗೆಗೊಳವೆಯು ಹೊಗೆಯನ್ನು ಇಲ್ಲವಾಗಿಸುವುದಿಲ್ಲ, ಸಾಗಹಾಕುತ್ತದೆ. ಒಲೆ ಹೊತ್ತಿಸಿದವನ ಕಣ್ಣಿನಿಂದ ಅದನ್ನು ತೆಗೆದು ಬೀದಿಯ ಪಾಲಿಗೆ ಬಿಡುತ್ತದೆ. ಕಣ್ಣುರಿ ತನಗಿದ್ದಾಗ ಯಾರೂ ನೆನಪಿಸಬೇಕಾಗಿರಲಿಲ್ಲ. ಕಣ್ಣುರಿ ನೆರೆಯವನದಾದ ಮೇಲೆ ನೆನೆಯುವುದೇ ಒಂದು ಸಾಧನೆಯಾಗುತ್ತದೆ.

ನೆನೆಯದಿದ್ದರೆ ಏನಾಗುವುದೆಂಬುದಕ್ಕೆ 1952ರ ಲಂಡನ್ ಸಾಕ್ಷಿ. ಡಿಸೆಂಬರ್ 5ರಿಂದ 9ರವರೆಗೆ ಗಾಳಿ ಅಲುಗದೆ ನಿಂತು, ಮನೆಗಳ ಮತ್ತು ಕಾರ್ಖಾನೆಗಳ ಕಲ್ಲಿದ್ದಲ ಹೊಗೆ ಊರಿನ ಮೇಲೆ ಮುಚ್ಚಳದಂತೆ ಕವಿಯಿತು. ಆಗಿನ ಲೆಕ್ಕದಲ್ಲಿ ಸತ್ತವರು ಸುಮಾರು 4,000 ಮಂದಿ. ಆ ಸಂಖ್ಯೆ 12,000ದವರೆಗೂ ಇದ್ದೀತೆಂದು ಮುಂದಿನ ಸಂಶೋಧಕರು ಅಂದಾಜುಮಾಡಿದ್ದಾರೆ. ಅವರನ್ನು ಕೊಂದವರಾರು? ಯಾವ ಗೃಹಸ್ಥನೂ ಕೊಲ್ಲಲಿಲ್ಲ. ಪ್ರತಿಯೊಬ್ಬನೂ ತನ್ನ ಮಕ್ಕಳು ನಡುಗಬಾರದೆಂದು ಒಂದು ಸಲಿಕೆ ಇದ್ದಲನ್ನು ಹಾಕಿದನು, ಅಷ್ಟೆ. ಒಬ್ಬನ ಸಲಿಕೆಯನ್ನು ಕಳೆದರೆ ಒಂದು ಪ್ರಾಣವೂ ಉಳಿಯುತ್ತಿರಲಿಲ್ಲವೆಂದು ಪ್ರತಿಯೊಬ್ಬನೂ ವಾದಿಸಬಹುದಾಗಿತ್ತು. ಆ ವಾದವು ಒಬ್ಬೊಬ್ಬನ ಬಾಯಲ್ಲಿಯೂ ಸತ್ಯವಾಗಿದ್ದು, ಎಲ್ಲರ ಬಾಯಲ್ಲಿ ಸೇರಿ ಸುಳ್ಳಾಗುತ್ತದೆ. ಇಂಥ ಪಾಪವನ್ನು ಎಣಿಸುವುದಕ್ಕೆ ನಮ್ಮ ನೀತಿಗ್ರಂಥಗಳಲ್ಲಿ ತಕ್ಕ ಮಾನವೇ ಇಲ್ಲವೆಂದು ನನಗೆ ತೋರುತ್ತದೆ. ಅವು ಹೊಡೆದ ಕೈಯನ್ನು ಹುಡುಕುತ್ತವೆ. ಇಲ್ಲಿ ಕೈಗಳೆಲ್ಲ ಒಲೆಯ ಮುಂದೆ ಚಳಿ ಕಾಯಿಸುತ್ತಿವೆ.

1956ರಲ್ಲಿ ಬ್ರಿಟನ್ನಿನಲ್ಲಿ ಶುದ್ಧವಾಯುವಿನ ಕಾನೂನು ಬಂದಿತು. ಅಮೆರಿಕದಲ್ಲಿ ಸೌದೆಯೊಲೆಗಳ ಹೊಗೆಗೆ 1988ರಲ್ಲಿ ಮಿತಿ ಬಂದಿತು. 2015ರಲ್ಲಿ ಬಿಗಿಮಾಡಿದ ನಿಯಮವು 2020ರಿಂದ ಹೊಸ ಒಲೆಗಳ ಸೂಕ್ಷ್ಮಕಣಗಳನ್ನು ಗಂಟೆಗೆ ಎರಡು-ಎರಡೂವರೆ ಗ್ರಾಮಿಗೆ ಇಳಿಸಿತು. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿನಿಂದ ಹಸಿಸೌದೆಯ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಬಿದ್ದಿತು. ಆರ್ದ್ರೇಂಧನಸಂಯೋಗವನ್ನು ಪಾರ್ಲಿಮೆಂಟಿನವರು ಕೊನೆಗೂ ಗಮನಿಸಿದರೆಂದು ನಮ್ಮ ತಾರ್ಕಿಕರು ಹಿಗ್ಗಬಹುದು! ಆಗತಾನೆ ಕಡಿದ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಆ ನೀರನ್ನು ಕುದಿಸುವುದರಲ್ಲಿಯೇ ಬೆಂಕಿಯ ಶಕ್ತಿ ಉಡುಗಿ, ಹೊಗೆ ದಟ್ಟವಾಗಿ, ಕೊಳವೆಯಲ್ಲಿ ಟಾರಿನಂಥ ಅಂಟುಮಸಿ ಕಟ್ಟಿ ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಸೌದೆಯನ್ನು ಸೀಳಿ, ನೆತ್ತಿಗೆ ಮಾತ್ರ ಮರೆಮಾಡಿ, ಪಕ್ಕಗಳಲ್ಲಿ ಗಾಳಿಯಾಡುವಂತೆ ಒಟ್ಟಿ, ಆರು ತಿಂಗಳೋ ವರುಷವೋ ಕಾಯಬೇಕು. ಬರುವ ವರುಷದ ಚಳಿಗೆ ಈ ವರುಷವೇ ಕೊಡಲಿ ಎತ್ತಬೇಕು. ಹೊಗೆಯಿಲ್ಲದ ಬೆಂಕಿಯೆಂಬುದು ಮುಂದಾಲೋಚನೆಯ ಫಲವೇ ಹೊರತು ಬೆಂಕಿಯ ಗುಣವಲ್ಲ. ಒಂದು ತಿದ್ದುಪಡಿಯನ್ನು ಮಾತ್ರ ತಾರ್ಕಿಕರು ಒಪ್ಪಬೇಕು. ಒಣಸೌದೆಯೂ ಹೊಗೆಯನ್ನು ಬಿಡುತ್ತದೆ, ಅದು ಕಣ್ಣಿಗೆ ಬೀಳದು. ಕೂದಲೆಳೆಯ ದಪ್ಪದಲ್ಲಿ ಮೂವತ್ತರಲ್ಲೊಂದು ಪಾಲಿಗಿಂತಲೂ ಸಣ್ಣದಾದ ಕಣಗಳು ಪುಪ್ಪುಸದ ಆಳಕ್ಕೆ ಇಳಿಯುತ್ತವೆ.

ಕಾನೂನು ಒಲೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತದೆ. ಮನೆಯಲ್ಲಿ ಪರೀಕ್ಷೆ ನಡೆಯುವುದು ರಾತ್ರಿ ಹತ್ತು ಗಂಟೆಗೆ. ಮಕ್ಕಳು ಮಲಗಿದ್ದಾರೆ, ಗೃಹಸ್ಥನು ಪೆಟ್ಟಿಗೆಯ ತುಂಬ ಸೌದೆ ತುಂಬಿ, ಗಾಳಿಯ ಹಿಡಿಯನ್ನು ಪೂರ್ತಿ ಮುಚ್ಚಿದರೆ ಬೆಂಕಿ ಕುಂದಿ, ಒಳಗೊಳಗೇ ಕಮರುತ್ತ ಬೆಳಗಿನವರೆಗೂ ಬಾಳುತ್ತದೆ. ಅವನಿಗೆ ನಡುರಾತ್ರಿ ಏಳುವ ಕಷ್ಟವಿಲ್ಲ. ಆದರೆ ಆ ಒಲೆಯು ಅತ್ಯಂತ ಕೆಟ್ಟ ಹೊಗೆಯನ್ನು ಕಾರುವುದು ಇಂಥ ಉಸಿರುಕಟ್ಟಿದ ಹೊತ್ತಿನಲ್ಲಿಯೇ. ಹೊರಗೆ ಗಾಳಿ ನಿಂತಿದ್ದು, ಹೊಗೆ ಕೆಳಕ್ಕೇ ಕವಿಯುವುದೂ ಅನೇಕ ವೇಳೆ ಆಗಲೇ. ಕತ್ತಲಲ್ಲಿ ಅದನ್ನು ನೋಡುವವರಿಲ್ಲ. ಪಕ್ಕದ ಮನೆಯಲ್ಲಿ ಉಬ್ಬಸದ ಮುದುಕನೊಬ್ಬನು ಎದ್ದು ಕುಳಿತರೆ ತನಗೆ ಹೀಗೇಕಾಯಿತೆಂದು ಅವನಿಗೂ ತಿಳಿಯದು. ಒಳ್ಳೆಯ ಒಲೆಯನ್ನು ಕೊಂಡೆನೆಂಬ ತೃಪ್ತಿಯು ಆ ಹಿಡಿಯ ಮೇಲಿನ ಕೈಯನ್ನು ತಡೆಯುವುದಿಲ್ಲ. ಒಮ್ಮೊಮ್ಮೆ ಧೈರ್ಯವನ್ನೇ ಕೊಡುತ್ತದೆ.

ಹಾಗಾದರೆ ಒಲೆಯನ್ನೇ ಆರಿಸಬೇಕೆ? ಕೆಲವರು ಹಾಗೆನ್ನುತ್ತಾರೆ. ನನಗೆ ಅಷ್ಟು ಸುಲಭವಾಗಿ ಹೇಳಲು ಬಾಯಿ ಬಾರದು. ಕಾಡಿನಂಚಿನ ಹಳ್ಳಿಯಲ್ಲಿ, ಹಿಮ ಬಿದ್ದು ವಿದ್ಯುತ್ತು ನಿಂತ ರಾತ್ರಿ, ಬೇರೆ ದಾರಿಯಿಲ್ಲದೆ ಸೌದೆಯೊಟ್ಟುವ ವಿಧವೆಯೂ, ಬೇರೆ ಯಂತ್ರದಿಂದ ಮನೆಯೆಲ್ಲ ಬೆಚ್ಚಗಿದ್ದೂ ಗಾಜಿನ ಹಿಂದಣ ಜ್ವಾಲೆಯ ಸೊಬಗಿಗಾಗಿ ಒಲೆ ಹಚ್ಚುವ ನಗರದ ಧನಿಕನೂ ಬಿಡುವ ಹೊಗೆ ಒಂದೇ ಬಗೆಯದು. ತಪ್ಪು ಒಂದೇ ಬಗೆಯದಲ್ಲ. ಧನಿಕನ ಬೀದಿಯಲ್ಲಿ ಉಸಿರಾಡುವವರು ನೂರಾರು ಮಂದಿ. ವಿಧವೆಯ ನೆರೆಹೊರೆ ವಿರಳ. ಆದರೂ ವಿಧವೆಗೊಬ್ಬ ನೆರೆಯವನಿದ್ದರೆ, ಅವನ ಮಗುವಿನ ಎದೆಗೆ ಆಕೆಯ ಬಡತನದ ಅರಿವಿಲ್ಲ. ಆಗ ಆಕೆಯನ್ನು ಬೈಯುವುದಕ್ಕಿಂತ ಆಕೆಗೆ ಒಣಸೌದೆಯನ್ನೋ ಒಳ್ಳೆಯ ಒಲೆಯನ್ನೋ ಒದಗಿಸುವ ಭಾರ ಊರಿನ ಮೇಲೆ ಬೀಳುತ್ತದೆಂದು ನನ್ನ ಅಭಿಪ್ರಾಯ. ಅದು ದಾನವಲ್ಲ, ಗಾಳಿಯ ಬಾಡಿಗೆ.

ಸೌದೆಯೊಲೆಯ ಬಳಕೆಯನ್ನು ಕಲಿಸುವವರು ಒಂದು ಸಣ್ಣ ಕ್ರಮವನ್ನು ಹೇಳಿಕೊಡುತ್ತಾರೆ. ಬೆಂಕಿ ಹೊತ್ತಿಸಿದ ಇಪ್ಪತ್ತು-ಮೂವತ್ತು ನಿಮಿಷದ ಮೇಲೆ ಮನೆಯಿಂದ ಹೊರಗೆ ಬಂದು ನಿಮ್ಮ ಹೊಗೆಗೊಳವೆಯ ತುದಿಯನ್ನು ನೋಡಿರಿ. ಬಿಸಿಗಾಳಿಯ ನಡುಕವಷ್ಟೇ ಕಂಡರೆ ಸರಿ; ಬೂದುಬಣ್ಣದ ಹೊಗೆ ಕಂಡರೆ ಒಳಗೆ ಹೋಗಿ ಗಾಳಿಯ ಹಿಡಿಯನ್ನು ತೆರೆಯಿರಿ, ಸೌದೆಯನ್ನು ಬದಲಿಸಿರಿ. ಗಾಜಿನ ಬಾಗಿಲ ಮುಂದೆ ಕುಳಿತವನಿಗೆ ಇದು ಕಾಣದು. ಶಾಲು ಹೊದ್ದು, ಚಪ್ಪಲಿ ಮೆಟ್ಟಿ, ಕದ ತೆರೆದು, ಬೆಚ್ಚನೆಯ ಕೋಣೆಯನ್ನು ಬಿಟ್ಟು, ಚಳಿಯಲ್ಲಿ ಬೀದಿಯ ನಡುವೆ ನಿಂತು ಕತ್ತೆತ್ತಿ ನೋಡಬೇಕು.