ಗೊರವರ ತೊಗಲು ಮತ್ತು ಮಡಿಯ ಪ್ರಶ್ನೆ

ಮೈಲಾರಲಿಂಗನ ಭಕ್ತರಾದ ಗೊರವರ ವೇಷದಲ್ಲಿ ಹತ್ತಿಯ ಬಟ್ಟೆಗಿಂತ ಪ್ರಾಣಿಯ ಮೈಯಿಂದ ಬಂದದ್ದೇ ಹೆಚ್ಚು. ಕರಿ ಕಂಬಳಿಯ ನಿಲುವಂಗಿ, ಕರಡಿ ಕೂದಲಿನ ಟೊಪ್ಪಿಗೆ, ತೊಗಲಿನ ಪಟ್ಟಿಗೆ ಪೋಣಿಸಿದ ಗೆಜ್ಜೆ, ತೊಗಲು ಬಿಗಿದ ಡಮರು, ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಇಳಿಬಿಟ್ಟ ತೊಗಲಿನ ಭಂಡಾರದ ಚೀಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಭಕ್ತರು ಭರತ ಹುಣ್ಣಿಮೆಗೆ ತುಂಗಭದ್ರೆಯ ದಂಡೆಯ ಮೈಲಾರಕ್ಕೆ ಹೋದಾಗ ಹಣೆಗೆ ಹಚ್ಚಿಸಿಕೊಳ್ಳುವುದು ಇಂಥ ಚೀಲದೊಳಗಿನ ಅರಿಸಿನವನ್ನೇ. ತೊಗಲಿಗೆ ತಾಗಿದ ಭಂಡಾರವೆಂದು ಯಾರೂ ಹಿಂದೆ ಸರಿಯುವುದಿಲ್ಲ. ಅದೇ ತೊಗಲನ್ನು ಹದ ಮಾಡಿದವನನ್ನು ಮಾತ್ರ ಶತಮಾನಗಳ ಕಾಲ ಗುಡಿಯ ಹೊರಗೆ ನಿಲ್ಲಿಸಲಾಯಿತು. ಹಾಗಾದರೆ ಮೈಲಿಗೆ ಇರುವುದು ಎಲ್ಲಿ?

ಗೊರವನ ವೇಷಕ್ಕೆ ಮೂಲ ಶಿವನೇ ಎಂಬುದು ನಂಬಿಕೆ. ಶಿವನ ಸೊಂಟದಲ್ಲಿ ಹುಲಿಚರ್ಮ. ಆನೆಯ ತೊಗಲು ಹೊದ್ದವನಾದ್ದರಿಂದ ಆತ ಕೃತ್ತಿವಾಸ. ಹಿಂದೆ ಗೊರವರ ಚೀಲಕ್ಕೂ ಹುಲಿಯ ಚರ್ಮ ಬಳಸುತ್ತಿದ್ದುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಅವಕಾಶವಿಲ್ಲ. 

ವೈದಿಕ ಸಂಪ್ರದಾಯವೂ ತೊಗಲನ್ನು ದೂರ ಇಟ್ಟಿಲ್ಲ. ಉಪನಯನದಲ್ಲಿ ವಟುವಿನ ಸೊಂಟಕ್ಕೆ ಮುಂಜ ಹುಲ್ಲಿನ ಮೇಖಲೆ ಕಟ್ಟಿ, ಜನಿವಾರಕ್ಕೆ ಕೃಷ್ಣಾಜಿನದ ತುಂಡು ಸೇರಿಸುತ್ತಾರೆ. ಯಾವ ವರ್ಣದ ಬ್ರಹ್ಮಚಾರಿಗೆ ಯಾವ ಪ್ರಾಣಿಯ ಚರ್ಮ ಎಂಬುದನ್ನೂ ಮನುಸ್ಮೃತಿ ವಿಧಿಸುತ್ತದೆ. ಇನ್ನೊಂದು ಅಧ್ಯಾಯದಲ್ಲಿ ಅದೇ ಗ್ರಂಥ ಚರ್ಮದ ಶುದ್ಧಿಗೆ ಬಟ್ಟೆಯ ನಿಯಮವನ್ನೇ ಹೇಳುತ್ತದೆ. ಅಂದರೆ ಬಟ್ಟೆ ಶುದ್ಧವಾದಂತೆ ತೊಗಲೂ ಶುದ್ಧವಾಗುತ್ತದೆ. ಮಡಿಯ ಹೆಸರಿನಲ್ಲಿ ಮಾತಾಡುವವರು ಈ ಭಾಗವನ್ನು ನೆನೆಯುವುದು ಅಪರೂಪ.

ಜನಪದ ಕಲೆಯಲ್ಲೂ ತೊಗಲಿಗೆ ಮನ್ನಣೆಯಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯಾಟದ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಅವರ ಕಲೆಯಲ್ಲಿ ತೊಗಲೇ ದೇವರ ಮೈ. ಬೆಳಕು ಹಾಯುವಷ್ಟು ತೆಳುವಾಗುವವರೆಗೆ ತೊಗಲನ್ನು ಹೆರೆದು, ಆಕಾರ ಕತ್ತರಿಸಿ, ಒಡವೆಯ ಜಾಗದಲ್ಲಿ ಸಣ್ಣ ತೂತು ಕೊರೆದು, ಬಣ್ಣ ಹಚ್ಚುತ್ತಾರೆ. ಬಿಳಿ ಪರದೆಯ ಹಿಂದೆ ದೀಪ ಹೊತ್ತಿದಾಗ ಆ ತೂತುಗಳೇ ಸರವಾಗಿ, ಕಿರೀಟವಾಗಿ ಹೊಳೆಯುತ್ತವೆ. ಆಟ ಮೊದಲಾಗುವುದು ಗಣಪತಿಯ ಪೂಜೆಯಿಂದ. ಆ ಗಣಪತಿಯೂ ತೊಗಲಿನವನೇ.

ಇಷ್ಟೆಲ್ಲ ಗೌರವದ ಹಿಂದೆ ಇರುವುದು ಹದ ಮಾಡುವವನ ದುಡಿಮೆ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ಉದುರಿಸಬೇಕು, ಅಂಟಿದ ಮಾಂಸ ಹೆರೆಯಬೇಕು, ತಂಗಡಿ ತೊಗಟೆಯ ರಸದಲ್ಲಿ ದಿನಗಟ್ಟಲೆ ಇಟ್ಟು ಹದ ತರಬೇಕು. ನಾತ, ಗಾಯ, ಸುಣ್ಣದ ಉರಿ ಎಲ್ಲವೂ ಅವನ ಪಾಲಿಗೆ. ಕೊಳೆಯುವ ವಸ್ತುವನ್ನು ಕೊಳೆಯದಂತೆ ಮಾಡುವ ಈ ಕೆಲಸವೇ ನಿಜವಾದ ಶುದ್ಧೀಕರಣ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಮೈಲಿಗೆಯ ಪ್ರಶ್ನೆಯನ್ನು ನೇರವಾಗಿ ಎದುರಿಸಿದರು. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿಕೊಟ್ಟರೆಂದೂ, ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡನೆಂದೂ ಐತಿಹ್ಯವಿದೆ. ಇಲ್ಲಿ ಪೂಜ್ಯವಾದದ್ದು ವಸ್ತುವೊಂದೇ ಅಲ್ಲ, ಮಾಡಿದವರೂ ಹೌದು. ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣದ ಅರಸ ಬಿಜ್ಜಳನ ಆಳ್ವಿಕೆ ಇಬ್ಬರು ತಂದೆಯರಿಗೂ ಮರಣದಂಡನೆ ವಿಧಿಸಿತು. ಚಪ್ಪಲಿಯನ್ನು ಸಹಿಸಿದ ಸಮಾಜ ಸಂಬಂಧವನ್ನು ಸಹಿಸಲಿಲ್ಲ.

ಆ ಅಸಹನೆ ಇನ್ನೂ ಅಳಿದಿಲ್ಲ. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಹನುಮಂತನ ಗುಡಿಯೊಳಗೆ ಓಡಿಹೋಯಿತೆಂದು, ಗುಡಿಯ ಶುದ್ಧೀಕರಣಕ್ಕಾಗಿ ಆ ಕುಟುಂಬದಿಂದ 25,000 ರೂಪಾಯಿ ಕೇಳಲಾಯಿತು. ಆ ಮಗು ತೊಗಲು ಹದ ಮಾಡಿರಲಿಲ್ಲ, ಸತ್ತ ದನ ಎಳೆದಿರಲಿಲ್ಲ. ಮೈಲಿಗೆ ಅಂಟುವುದು ವಸ್ತುವಿನಿಂದ ಅಥವಾ ಕಸುಬಿನಿಂದ ಎಂಬ ವಾದಕ್ಕೆ ಇಲ್ಲಿ ಆಧಾರವೇ ಉಳಿಯುವುದಿಲ್ಲ. ಅದನ್ನು ಹುಟ್ಟಿಗೆ ಅಂಟಿಸಿದವರು ಮನುಷ್ಯರು, ಬಿಡಿಸಬೇಕಾದವರೂ ಅವರೇ.